ಇಲಿಗೆ ಕಷಾಯ ಮೊದಲು, ನಮಗೆ ಕಾಮಾಲೆ ಮೊದಲು

"ಕಳೆದ ಸಂಚಿಕೆಯ 'ನೆಲನೆಲ್ಲಿ ಎಂಬ ಭ್ರಮೆ' ಓದಿ ಬೇಸರವಾಯಿತು. ಕಾಮಾಲೆಯಾಗಿದ್ದ ನಮ್ಮ ತಂದೆ ಮಜ್ಜಿಗೆಯಲ್ಲಿ ಕಲಸಿದ ನೆಲನೆಲ್ಲಿ ಕುಡಿದು ಮೂರು ವಾರದಲ್ಲಿ ಎದ್ದು ಓಡಾಡಿದರು. ಅದರ ಆಂಟಿಆಕ್ಸಿಡೆಂಟ್ ಗುಣವನ್ನು ವಿಜ್ಞಾನಿಗಳೇ ಒಪ್ಪಿರುವಾಗ ನಿಮಗೇಕೆ ಅನುಮಾನ? ಈಗಲೂ ದಿನಕ್ಕೊಂದು ಚಮಚ ಪುಡಿ ಕೊಡುತ್ತಿದ್ದೇವೆ. ಮುಂದುವರಿಸಬಹುದೇ?"
– ಒಬ್ಬ ಓದುಗರು, ಶಿರಸಿ

ಸಂಪಾದಕರ ಉತ್ತರ:

ತಲೆಬರಹದ ತಪ್ಪು ನನ್ನದು. ಲೇಖಕರು ಕೊಟ್ಟದ್ದು ಸಪ್ಪೆಯೆನಿಸಿ 'ಭ್ರಮೆ' ಸೇರಿಸಿದವನು ನಾನೇ. ನೆಲನೆಲ್ಲಿ ಭ್ರಮೆಯಲ್ಲ. ಎಲೆಯಡಿ ಪುಟ್ಟ ಕಾಯಿಗಳನ್ನು ಸಾಲಾಗಿ ಪೋಣಿಸಿಕೊಂಡ ಆ ಗಿಡವನ್ನು ನಮ್ಮಮ್ಮನೂ ಬೇರುಸಹಿತ ಕಿತ್ತು, ಒರಳಿನಲ್ಲಿ ಅರೆದು ಕುಡಿಸಿದ್ದಳು. ಅದರ ಕಹಿ ಮಧ್ಯಾಹ್ನದ ಊಟದವರೆಗೂ ನಾಲಿಗೆಯ ಬುಡ ಬಿಟ್ಟು ಏಳುತ್ತಿರಲಿಲ್ಲ.

ಆಂಟಿಆಕ್ಸಿಡೆಂಟ್ ಗುಣವೂ ಸುಳ್ಳಲ್ಲ. ಆದರೆ ಅದನ್ನು ಅಳೆಯುವ ಬಗೆಯನ್ನು ಗಮನಿಸಿ. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಡುತ್ತಾರೆ. ಯಕೃತ್ತಿನ ಕಿಣ್ವವೊಂದು ಅದನ್ನು ಒಡೆದಾಗ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಪುಂಡ ಕಣವೊಂದು ಹುಟ್ಟುತ್ತದೆ. ಅದು ಜೀವಕೋಶದ ಪೊರೆಯ ಕೊಬ್ಬಿಗೆ ಬಾಯಿ ಹಾಕುತ್ತದೆ. ಕಚ್ಚಿಸಿಕೊಂಡ ಕೊಬ್ಬು ಪಕ್ಕದ್ದನ್ನು ಕಚ್ಚುತ್ತದೆ. ಕೊನೆಗೆ ಪೊರೆ ಹರಿದು ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ನೀವು ಕಂಡಿರಬಹುದಾದ ಎಸ್‌ಜಿಪಿಟಿ ಅಂಥದ್ದೊಂದು ಕಿಣ್ವ. ನೆಲನೆಲ್ಲಿಯ ಟ್ಯಾನಿನ್‌ಗಳು, ಅರಿಶಿನದ ಕರ್ಕ್ಯುಮಿನ್ ಮುಂತಾದವು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಆ ಪುಂಡನನ್ನು ಸುಮ್ಮನಾಗಿಸಬಲ್ಲವು. ಆಂಟಿಆಕ್ಸಿಡೆಂಟ್ ಗುಣವೆಂದರೆ ಇದೇ.

ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಕಷಾಯ ಮೊದಲು, ವಿಷ ಆಮೇಲೆ. ನಾವಾದರೋ ಕಣ್ಣು ಹಳದಿಯಾದ ಮೇಲೆ ಗಿಡ ಹುಡುಕಿಕೊಂಡು ಹೊರಡುವವರು. ಸಾಲದ್ದಕ್ಕೆ ಅಲ್ಲಿ ಕೆಡಿಸಿದ್ದು ರಾಸಾಯನಿಕ, ನಮ್ಮಲ್ಲಿ ಸಾಮಾನ್ಯವಾಗಿ ವೈರಸ್.

ಮನುಷ್ಯರ ಮೇಲೂ ಪರೀಕ್ಷೆ ನಡೆದಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರು, ಯಕೃತ್ತಿಗೆ ಉರಿಯೂತ ತರುವ ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದ ನೊಬೆಲ್ ವಿಜೇತ ಬ್ಲೂಂಬರ್ಗ್ ಜೊತೆಗೂಡಿ, 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನೆಲನೆಲ್ಲಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ವೈರಸ್ಸಿನ ಗುರುತು ಮಾಯವಾಗಿತ್ತು; ಔಷಧವಿಲ್ಲದ ಹುಸಿ ಗುಳಿಗೆ ನುಂಗಿದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಎಂಥವರಿಗೂ ಆಸೆ ಹುಟ್ಟಿಸುವ ಲೆಕ್ಕ. ಆಮೇಲೆ ಬೇರೆಡೆ ಮಾಡಿ ನೋಡಿದವರಿಗೆ ಆ ಫಲ ಸಿಗಲಿಲ್ಲ. ಯುರೋಪಿನ ಮುಳ್ಳುಗಿಡವೊಂದರ ಸತ್ವವಾದ ಸಿಲಿಮರಿನ್‌ಗೂ ಹೆಪಟೈಟಿಸ್ ಸಿ ರೋಗಿಗಳಲ್ಲಿ ಹೀಗೇ ಆಯಿತು: 2012ರಲ್ಲಿ ವರದಿಯಾದ 154 ಜನರ ಪರೀಕ್ಷೆಯಲ್ಲಿ ಅದೇ ಎಸ್‌ಜಿಪಿಟಿ ಕಿಣ್ವದ ಮಟ್ಟ ಹುಸಿ ಗುಳಿಗೆಯವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ತಮಾಷೆಯೆಂದರೆ, ಅದರದೇ ಅಂಶವಾದ ಸಿಲಿಬಿನಿನ್ ಅನ್ನು ಅಲ್ಲಿ ವಿಷದ ಅಣಬೆ ತಿಂದವರಿಗೆ ರಕ್ತನಾಳದ ಮೂಲಕ ಕೊಡುತ್ತಾರೆ. ಆಗ ಅದರ ಮುಖ್ಯ ಕೆಲಸ ಪುಂಡ ಕಣವನ್ನು ಸುಮ್ಮನಾಗಿಸುವುದಲ್ಲ, ವಿಷ ಯಕೃತ್ತಿನ ಕೋಶದೊಳಗೆ ನುಗ್ಗದಂತೆ ಬಾಗಿಲು ಹಾಕುವುದು.

ಇನ್ನು ನಿಮ್ಮ ತಂದೆಯವರ ವಿಚಾರ. ನೀರಿನಿಂದ ಬರುವ ಹೆಪಟೈಟಿಸ್ ಎ ಆಗಿದ್ದರೆ ಅದು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ನೆಲನೆಲ್ಲಿ ಕುಡಿದರೂ ಕುಡಿಯದಿದ್ದರೂ. ಹೆಪಟೈಟಿಸ್ ಬಿ ಆಗಿದ್ದರೆ ಹಳದಿ ಹೋದ ಮೇಲೂ ವೈರಸ್ ಕೆಲವರಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಯಾವುದೆಂದು ನಿಮ್ಮ ಪತ್ರದಲ್ಲಿಲ್ಲ.

ಪುಡಿಯ ಬಗ್ಗೆ ನನಗೆ ಹೆಚ್ಚು ಅಳುಕು. ಹಿತ್ತಿಲ ಗಿಡವನ್ನಾದರೂ ಕಣ್ಣಾರೆ ನೋಡಿ ಕೀಳುತ್ತೀರಿ. ಅಂಗಡಿಗೆ ಬರುವ ಒಣಸೊಪ್ಪಿನಲ್ಲಿ ಅದೇ ಕುಲದ ಬೇರೆ ಗಿಡಗಳೂ ಬೆರೆತಿರುತ್ತವೆ. ಗಿಡಮೂಲಿಕೆಯೆಂದರೆ ನಿರಪಾಯವೆಂದೂ ಅಲ್ಲ: ಕಾಳುಮೆಣಸಿನ ಸತ್ವ ಬೆರೆಸಿದ ಅರಿಶಿನದ ಗುಳಿಗೆಗಳಿಂದ ಯಕೃತ್ತೇ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಸದ್ಯಕ್ಕೆ ಪುಡಿ ನಿಲ್ಲಿಸಿ, ಪೊಟ್ಟಣವನ್ನೂ ಹಳೆಯ ಚೀಟಿಗಳನ್ನೂ ವೈದ್ಯರಿಗೆ ತೋರಿಸಿ. ಹೆಪಟೈಟಿಸ್ ಬಿ ಪರೀಕ್ಷೆ ಆಗಿಲ್ಲವಾದರೆ ಈ ವಾರವೇ ಮಾಡಿಸಿ.