ಬಿದ್ದ ಮೇಲಿನ ಮೂರು ನಿಮಿಷ

ಮನಸ್ಸಿನ ಸಂಕಟಕ್ಕೆ ನನ್ನ ಬಳಿ ಸಲಹೆಗೆ ಬಂದ ಒಬ್ಬ ತಾಯಿಯ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಬರೆದದ್ದನ್ನು ಅವರೂ ಓದಿದ್ದಾರೆ. ಊರು ರಾಯಚೂರು ಅನ್ನೋದು ನಿಜ. ಮನೆಯವರ ಕೆಲವು ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಅವರು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ. ಅವರು ಹಾಕಿದ ಷರತ್ತು ಒಂದೇ: "ನನ್ನ ಬಗ್ಗೆ ಏನ್ ಬೇಕಾದ್ದು ಬದಲಿಸ್ರಿ ಮೇಡಂ. ಯುಜುರು ಹೆಸರು ಮಾತ್ರ ಬದಲಿಸಬ್ಯಾಡ್ರಿ."

2022ರ ಶ್ರಾವಣ ಮುಗಿಯುವ ವಾರ. ಅವರನ್ನು ಕರೆತಂದದ್ದು ಮಗ. 26 ವರ್ಷದ ಹುಡುಗ, ಮಾತಿನಲ್ಲಿ ಸಿಟ್ಟು, ಕಣ್ಣಿನಲ್ಲಿ ಹೆದರಿಕೆ. "ನಮ್ಮವ್ವ ರಾತ್ರಿ ಮಲಗಂಗಿಲ್ರಿ. ಮೂರು ಗಂಟೆಗೆ ಎದ್ದು ಮೊಬೈಲ್ ಹಿಡಕೊಂಡು ಅಳ್ತಾಳ. ಯಾವನೋ ಜಪಾನಿನ ಹುಡುಗ ಆಟ ಬಿಟ್ಟಾನಂತ. ನಮ್ಮಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ರಿ." ಕೊನೆಯ ಮಾತು ಹೇಳುವಾಗ ಅವನ ದನಿ ಒಡೆಯಿತು. ಟೀಚರ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಾ ಕೂತಿದ್ದರು.

ಮಗನನ್ನು ಹೊರಗೆ ಕೂರಿಸಿದೆ. ನಿದ್ದೆ, ಊಟ, ಆರೋಗ್ಯದ ಬಗ್ಗೆ ಕೇಳಿದೆ. ವಯಸ್ಸು 51. ನಿದ್ದೆ ನಾಲ್ಕು ಗಂಟೆಗಿಂತ ಕಡಿಮೆ. ಚಿಕ್ಕಂದಿನಿಂದ ಆಸ್ತಮಾ, ಎರಡು ತಿಂಗಳಿಂದ ಜಾಸ್ತಿಯಾಗಿದೆ. ತರಗತಿಯಲ್ಲಿ ಒಮ್ಮೆ ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದರು. ಅದನ್ನು ಹೇಳುವಾಗ ಬಹಳ ನಾಚಿಕೊಂಡರು. ಸಾಯಬೇಕು ಅನ್ನೋ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. "ಇಲ್ರಿ, ಇನ್ನೂ ಒಂಬತ್ತು ವರ್ಷ ಸರ್ವಿಸ್ ಅದ," ಎಂದರು. ನಂಬಿಕೆ ಬರುವ ಹಾಗೆ ಹೇಳಿದರು.

ಆಮೇಲೆ ಕೇಳಿದೆ: "ಯುಜುರು ಅಂದ್ರೆ ಯಾರು, ಹೇಳ್ತೀರಾ?"

ತಲೆ ಎತ್ತಿದರು. ಮುಂದಿನ ನಲವತ್ತು ನಿಮಿಷ ನಾನು ಹೆಚ್ಚುಕಮ್ಮಿ ಏನೂ ಮಾತಾಡಲಿಲ್ಲ.

ಯುಜುರು ಹನ್ಯು ಹುಟ್ಟಿದ್ದು 1994ರ ಡಿಸೆಂಬರ್ 7ರಂದು, ಜಪಾನಿನ ಸೆಂಡೈ ಊರಿನಲ್ಲಿ. ಅಕ್ಕನ ಹಿಂದೆ ಹೋಗಿ ನಾಲ್ಕನೇ ವಯಸ್ಸಿಗೆ ಫಿಗರ್ ಸ್ಕೇಟಿಂಗ್, ಅಂದರೆ ಐಸ್ ಮೇಲೆ ಜಾರುತ್ತಾ ಜಿಗಿದು ಸುತ್ತುವ ಆಟ, ಶುರು ಮಾಡಿದವರು. ಚಿಕ್ಕಂದಿನಿಂದ ಆಸ್ತಮಾ. 2011ರ ಮಾರ್ಚ್ 11ರ ಭೂಕಂಪ ಆದಾಗ ಐಸ್ ಮೇಲೇ ಇದ್ದರು, ಕಾಲಿಗೆ ಸ್ಕೇಟ್ ಕಟ್ಟಿಕೊಂಡೇ ಹೊರಗೆ ಓಡಿದರು. ಆಗ ವಯಸ್ಸು 16. 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ ಚಿನ್ನ. 2018ರಲ್ಲಿ ಪ್ಯೋಂಗ್‌ಚಾಂಗ್‌ನಲ್ಲಿ ಮತ್ತೆ ಚಿನ್ನ. ಪುರುಷರ ಫಿಗರ್ ಸ್ಕೇಟಿಂಗ್‌ನಲ್ಲಿ ಹೀಗೆ ಸತತ ಎರಡು ಒಲಿಂಪಿಕ್ ಯಾರಾದರೂ ಗೆದ್ದು ಆಗಲೇ 66 ವರ್ಷ ಆಗಿತ್ತು. ಹಿಂದೆ ಗೆದ್ದವರು ಅಮೆರಿಕದ ಡಿಕ್ ಬಟನ್, 1948 ಮತ್ತು 1952ರಲ್ಲಿ.

ಟೀಚರ್ ಹನ್ಯು ಅವರನ್ನು ಮೊದಲು ನೋಡಿದ್ದು ಸೋಚಿಯ ರಾತ್ರಿ. ಉತ್ತರ ಪತ್ರಿಕೆ ತಿದ್ದಿ ಮುಗಿಸಿ, ಸುಮ್ನೆ ಟೀವಿ ಹಾಕಿದ್ದರು. 19 ವರ್ಷದ ಸಣಕಲು ಹುಡುಗ ಎರಡು ಸಲ ಬಿದ್ದ, ಆದರೂ ಗೆದ್ದ. ಆಟ ಮುಗಿದಾಗ ಅವನು ಉಸಿರಿಗಾಗಿ ಒದ್ದಾಡುತ್ತಿದ್ದ ಹಾಗೆ ಕಂಡಿತಂತೆ. "ಆ ಉಸಿರು ನನಗ ಗೊತ್ತಿತ್ರಿ," ಎಂದರು. ಇನ್‌ಹೇಲರನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಎಳೆದುಕೊಳ್ಳುತ್ತಿದ್ದ ಹೆಣ್ಣುಮಗಳು ಅವರು. ಅವನಿಗೂ ಆಸ್ತಮಾ ಇದೆ ಎಂದು ಆಮೇಲೆ ಓದಿದರು. ಮರುವಾರದಿಂದ ಇನ್‌ಹೇಲರ್ ಮೇಜಿನ ಮೇಲೇ ಇಡತೊಡಗಿದರು.

ಅವರದು ಕುರುಡು ಅಭಿಮಾನ ಅಲ್ಲ. 2014ರ ನವೆಂಬರ್‌ನಲ್ಲಿ ಶಾಂಘೈನಲ್ಲಿ, ಸ್ಪರ್ಧೆಗೆ ಮುಂಚಿನ ಅಭ್ಯಾಸದಲ್ಲಿ ಹನ್ಯು ಚೀನಾದ ಹಾನ್ ಯಾನ್‌ಗೆ ಡಿಕ್ಕಿ ಹೊಡೆದುಕೊಂಡು ಐಸ್ ಮೇಲೆ ಬಿದ್ದಿದ್ದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ಆಡಿದರು, ಐದು ಸಲ ಬಿದ್ದರು, ಎರಡನೇ ಸ್ಥಾನ ಬಂತು. ಎಲ್ಲರೂ ಅದನ್ನು ಹೊಗಳುತ್ತಾರೆ. ಟೀಚರ್ ಹೊಗಳಲಿಲ್ಲ. "ಅವತ್ತು ಅವನು ಆಡಬಾರದಿತ್ತು. ನನ್ನ ಶಾಲೆ ಹುಡುಗ ಆಗಿದ್ರ ಕೈ ಹಿಡಿದು ಕೂಡಿಸ್ತಿದ್ದೆ." ಪ್ರೀತಿ ಇರುವ ಕಡೆ ಹೀಗೆ ತಪ್ಪನ್ನೂ ನೋಡುವ ಕಣ್ಣು ಇದ್ದರೆ, ನಾನು ಹೆದರುವುದಿಲ್ಲ.

ಎರಡನೇ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಅದನ್ನು ಮುಚ್ಚಿಡದೆ ಬರೆಯಬೇಕು.

ಗಂಡ ತೀರಿಕೊಂಡದ್ದು 2021ರ ಮೇನಲ್ಲಿ, ಕೊರೊನಾ ಎರಡನೇ ಅಲೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದವರು. ಮಣ್ಣಿಗೆ ಹೋದವರು ಐದೇ ಜನ. ಮನೆಗೆ ಮಾತಾಡಿಸಲು ಯಾರೂ ಬರುವ ಹಾಗಿರಲಿಲ್ಲ. ಹದಿನಾಲ್ಕು ತಿಂಗಳ ನಂತರ, 2022ರ ಜುಲೈ 19ರಂದು, ಹನ್ಯು ಇನ್ನು ಸ್ಪರ್ಧೆಗೆ ಇಳಿಯುವುದಿಲ್ಲ, ವೃತ್ತಿಪರ ಪ್ರದರ್ಶನ ಮಾತ್ರ ಎಂದು ಟೋಕಿಯೊದಲ್ಲಿ ಹೇಳಿದರು. ಟೀಚರ್ ಅತ್ತದ್ದು ಆಗ. ನನಗೆ ಲೆಕ್ಕ ಸಲೀಸಾಗಿ ಕೂಡಿಬಂತು. "ಟೀಚರ್, ನೀವು ಅಳುತ್ತಿರುವುದು ನಿಮ್ಮ ಯಜಮಾನರಿಗೆ. ಯುಜುರು ಒಂದು ನೆಪ," ಎಂದುಬಿಟ್ಟೆ.

ಅವರು ಬ್ಯಾಗಿನ ಜಿಪ್ ಎಳೆದರು. "ಅವರ ದುಃಖ ನನಗ ಗೊತ್ತದ್ರಿ ಮೇಡಂ. ಅದು ಬ್ಯಾರೆ. ಎಂಟು ವರ್ಷ ಒಂದು ಹುಡುಗನ್ನ ನೋಡೀನಿ. ಅವನ ಕಾಲು ನೋವು, ಅವನ ಉಸಿರು, ಅವನು ಯಾವ ಜಿಗಿತಕ್ಕ ಹೆದರತಾನ ಅಂತ ಎಲ್ಲಾ ಗೊತ್ತದ. ಅವನಿಗೇ ಅತ್ತೀನಿ. ಅವನನ್ನ ನೆಪ ಅನ್ನಬ್ಯಾಡ್ರಿ."

ಆ ವಾರವಿಡೀ ಈ ಮಾತು ನನ್ನ ಜೊತೆ ಇತ್ತು. ಒಂದರ ಹಿಂದೆ ಇನ್ನೊಂದನ್ನು ಹುಡುಕುವುದು ನಮ್ಮ ವೃತ್ತಿಯ ರೂಢಿ. ಕೆಲವು ಸಲ ಹಿಂದೆ ಏನೂ ಇರುವುದಿಲ್ಲ, ಮುಂದೆ ಇರುವುದೇ ನಿಜ. ಊರಿನ ಜಾತ್ರೆಗೆ ಮೂವತ್ತು ವರ್ಷ ನಡೆದು ಹೋದವರಿಗೆ ಆ ವರ್ಷ ತೇರು ಎಳೆಯಲಿಲ್ಲ ಅಂದರೆ ಸಂಕಟ ಆಗುತ್ತೆ ಅಲ್ವಾ? ಅದನ್ನು ರೋಗ ಅನ್ನುವುದಿಲ್ಲ. ಮೂರನೇ ಭೇಟಿಯಲ್ಲಿ ಕ್ಷಮೆ ಕೇಳಿ, ಹೊಸದಾಗಿ ಶುರು ಮಾಡಿದೆ. ಅಭಿಮಾನವನ್ನು ಪಕ್ಕಕ್ಕಿಟ್ಟೆ. ಅದರ ಸುತ್ತ ಏನು ಕೆಟ್ಟಿದೆ ಅಂತ ಮಾತ್ರ ನೋಡಿದೆ.

"ರಾತ್ರಿ ಮೂರಕ್ಕೆ ಎದ್ದು ಏನು ನೋಡ್ತೀರಿ?"

ಉತ್ತರ ಬಂದಾಗ ವಿಷಯ ತಿಳಿಯಾಯಿತು. ಅವರು ನೋಡುತ್ತಿದ್ದದ್ದು ಚಿನ್ನ ಗೆದ್ದ ಆಟ ಅಲ್ಲ. ಬೀಜಿಂಗ್ ಒಲಿಂಪಿಕ್, 2022ರ ಫೆಬ್ರವರಿ 10. ಅದರಲ್ಲೂ ಮೊದಲ ಅರ್ಧ ನಿಮಿಷ ಅಷ್ಟೇ.

ಅದನ್ನು ಅವರೇ ನನಗೆ ಬಿಡಿಸಿ ಹೇಳಿದರು, ಪೆನ್ನನ್ನು ಮೇಜಿನ ಮೇಲೆ ತಿರುಗಿಸುತ್ತಾ. ಸ್ಕೇಟಿಂಗ್‌ನಲ್ಲಿ ಮುಖ್ಯವಾಗಿ ಆರು ಜಿಗಿತ. ಐದಕ್ಕೆ ಹಿಮ್ಮುಖವಾಗಿ ಜಾರುತ್ತಾ ಹಾರಬೇಕು. ಆಕ್ಸೆಲ್ ಒಂದಕ್ಕೆ ಮಾತ್ರ ಮುಮ್ಮುಖವಾಗಿ ಹಾರಿ, ಹಿಮ್ಮುಖವಾಗಿ ಇಳಿಯಬೇಕು. ಹಾಗಾಗಿ ಅರ್ಧ ಸುತ್ತು ಜಾಸ್ತಿ. ನಾಲ್ಕರ ಆಕ್ಸೆಲ್ ಅಂದರೆ ಗಾಳಿಯಲ್ಲಿ ನಾಲ್ಕೂವರೆ ಸುತ್ತು. ಆವರೆಗೆ ಸ್ಪರ್ಧೆಯಲ್ಲಿ ಯಾರಿಗೂ ಅದು ದಕ್ಕಿರಲಿಲ್ಲ. ಬೀಜಿಂಗ್‌ನ ಮೊದಲ ಸುತ್ತಿನಲ್ಲಿ ಹನ್ಯು ಅವರ ಸ್ಕೇಟಿನ ಅಲಗು ಐಸ್‌ನ ಒಂದು ಕುಳಿಗೆ ಸಿಕ್ಕಿತು, ಎಂಟನೇ ಸ್ಥಾನಕ್ಕೆ ಇಳಿದರು. ಎರಡನೇ ಸುತ್ತಿಗೆ ಆಕ್ಸೆಲ್ ಬಿಟ್ಟು ಸುಲಭದ್ದು ಮಾಡಬಹುದಿತ್ತು. ಮೊದಲ ಜಿಗಿತವಾಗಿ ಅದನ್ನೇ ಮಾಡಿದರು. ಬಿದ್ದರು. ಮುಂದಿನದಕ್ಕೂ ಬಿದ್ದರು. ಆಕ್ಸೆಲ್‌ಗೆ ಗಾಳಿಯಲ್ಲಿನ ಸುತ್ತು ಸ್ವಲ್ಪ ಕಡಿಮೆ ಬಿತ್ತು, ಆದರೂ ತೀರ್ಪುಗಾರರು ಅದನ್ನು ನಾಲ್ಕರ ಆಕ್ಸೆಲ್ ಎಂದೇ ಗುರುತಿಸಿದರು. ಕೊನೆಗೆ ನಾಲ್ಕನೇ ಸ್ಥಾನ.

ಟೀಚರ್ ಆ ಬೆಳಿಗ್ಗೆ ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ, ಜೋಳದ ರೊಟ್ಟಿ ಬಡಿಯುತ್ತಾ ನೋಡಿದ್ದರು. ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಜುಲೈ ನಂತರ ದಿನಾ ರಾತ್ರಿ ಆ ಬೀಳುವ ಜಾಗವನ್ನೇ ಹಿಂದೆ ಎಳೆದು, ಮತ್ತೆ ಎಳೆದು ನೋಡುತ್ತಿದ್ದರು. ಒಂದೊಂದು ರಾತ್ರಿ ಮೂವತ್ತು, ನಲವತ್ತು ಸಲ.

"ಬಿದ್ದ ಮೇಲೆ ಇನ್ನೂ ಎಷ್ಟು ಹೊತ್ತು ಆಡಿದರು?"

"ಒಟ್ಟು ನಾಲ್ಕು ನಿಮಿಷದ ಆಟ. ಇನ್ನೂ ಮೂರು ನಿಮಿಷ ಇರ್ತದ್ರಿ."

"ಅದನ್ನು ನೋಡಿದ್ದೀರಾ?"

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಅವತ್ತು ಒಮ್ಮೆ ನೋಡಿದ್ದಷ್ಟೇ. ಆಮೇಲೆ ನೋಡಿಲ್ಲ.

ನನ್ನ ಮುಖ್ಯ ಸಲಹೆ ಇಲ್ಲಿಂದಲೇ ಬಂತು. ನೋಡಬೇಡಿ ಅನ್ನಲಿಲ್ಲ. ಪೂರ್ತಿ ನೋಡಿ ಎಂದೆ. ಸಂಜೆ ದೀಪ ಹಚ್ಚಿದ ಮೇಲೆ, ಕುರ್ಚಿಯಲ್ಲಿ ಕೂತು, ಶುರುವಿನಿಂದ ಹಿಡಿದು ಅವರು ಬಗ್ಗಿ ನಮಸ್ಕಾರ ಮಾಡುವವರೆಗೆ. ದಿನಕ್ಕೆ ಒಂದೇ ಸಲ. ಹಿಂದೆ ಎಳೆಯುವಂತಿಲ್ಲ. ಒಂದೇ ಕಹಿ ಕ್ಷಣವನ್ನು ಮನಸ್ಸು ಪದೇಪದೇ ಮೆಲುಕು ಹಾಕುತ್ತಿದ್ದರೆ ಅದು ಅಲ್ಲೇ ಹೂತು ಹೋಗುತ್ತೆ. ಆ ಕ್ಷಣಕ್ಕೆ ಒಂದು ಮುಂದು ಇತ್ತು ಅನ್ನೋದನ್ನು ಕಣ್ಣಿಗೆ ಮತ್ತೆ ತೋರಿಸಬೇಕು. ಮೊದಲ ವಾರ ಬಹಳ ಕಷ್ಟಪಟ್ಟರು. ಬೆರಳು ತಾನಾಗಿ ಹಿಂದಕ್ಕೆ ಹೋಗುತ್ತಿತ್ತಂತೆ.

ನಿದ್ದೆಗೆ ಹೇಳಿದ್ದು ಹಳೆಯ ಮಾತುಗಳೇ, ಆದರೆ ಕಟ್ಟುನಿಟ್ಟಾಗಿ. ಮೊಬೈಲ್ ಅಡುಗೆಮನೆಯಲ್ಲಿ ಮಲಗಲಿ, ಎಚ್ಚರಿಕೆಗೆ ಬೇರೆ ಗಡಿಯಾರ ಇರಲಿ. ಎಷ್ಟೊತ್ತಿಗೆ ಮಲಗಿದರೂ ಏಳುವ ಸಮಯ ಒಂದೇ. ಮಧ್ಯೆ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಬೇರೆ ಕಡೆ ಕೂರಿ, ನಿದ್ದೆ ಎಳೆದಾಗ ಬನ್ನಿ. ಆಸ್ತಮಾಕ್ಕೆ ವೈದ್ಯರನ್ನು ಮೊದಲು ನೋಡಿ ಎಂದು ಪತ್ರ ಬರೆದುಕೊಟ್ಟೆ. ರಾತ್ರಿ ಉಸಿರು ಕಟ್ಟಿ ಎಚ್ಚರವಾಗುವುದನ್ನು ಮನಸ್ಸಿನ ಲೆಕ್ಕಕ್ಕೆ ಹಾಕಿ ಕೂರಬಾರದು. ಔಷಧಿ ಬದಲಿಸಿದ ಮೇಲೆ ನಿದ್ದೆ ಒಂದು ಗಂಟೆ ಹೆಚ್ಚಿತು. ಅಕ್ಟೋಬರ್‌ನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಶುರುವಾದಾಗ ಆ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ನಡುರಾತ್ರಿ ಮನಸ್ಸು ತಡೆಯದಿದ್ದರೆ ಮಾತಾಡಲು ಒಬ್ಬರು ಇರಲಿ ಅಂತ.

ದುಡ್ಡಿನ ಮಾತೂ ಇತ್ತು. ಜಪಾನಿನಿಂದ ತರಿಸಿದ ಫೋಟೋ ಪುಸ್ತಕಗಳು ಗೋದ್ರೆಜ್ ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗಿದ್ದವು. ಕೊರಿಯರ್ ಚೀಟಿ ಮಗನ ಕೈಗೆ ಸಿಕ್ಕು ಜಗಳವಾಗಿತ್ತು. ಅವರ ಸಂಬಳ, ಅವರ ಖರ್ಚು. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಬಚ್ಚಿಟ್ಟದ್ದು ಮಾತ್ರ ಅವರನ್ನೇ ಕುಗ್ಗಿಸಿತ್ತು. ತಿಂಗಳಿಗೆ ಇಷ್ಟೇ ಎಂದು ಒಂದು ಮಿತಿ ನೀವೇ ಇಟ್ಟುಕೊಳ್ಳಿ, ಪುಸ್ತಕಗಳನ್ನು ಹೊರಗೆ ಇಡಿ ಎಂದೆ. ಈಗ ಅವು ಹಾಲ್‌ನಲ್ಲಿ, ಟೀವಿ ಪಕ್ಕ ಇವೆ.

ಆ ಸೆಪ್ಟೆಂಬರ್‌ನಲ್ಲೇ ಅಮೆರಿಕದ 17 ವರ್ಷದ ಇಲಿಯಾ ಮಾಲಿನಿನ್ ನಾಲ್ಕರ ಆಕ್ಸೆಲ್ ಮಾಡಿ ನಿಂತ, ಸ್ಪರ್ಧೆಯಲ್ಲಿ ಮೊದಲ ಬಾರಿಗೆ. "ಮೊದಲು ಹೊಟ್ಟಿ ಉರೀತ್ರಿ," ಎಂದರು ಟೀಚರ್. "ಆಮೇಲೆ ಚಪ್ಪಾಳಿ ಹೊಡದೆ." ಅವರು ಚೇತರಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಧೈರ್ಯ ಬಂದದ್ದು ಆವತ್ತು.

ಆದರೆ ಮಗನ ನೋವು ಹಾಗೇ ಇತ್ತು. ಅಪ್ಪನಿಗೆ ಅಳದ ಅಮ್ಮ. ಅಕ್ಟೋಬರ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಅವನು ನೇರವಾಗಿ ಕೇಳಿದ. ಟೀಚರ್ ಹೇಳಿದರು, "ಅವಾಗ ನೀನು ಊಟ ಬಿಟ್ಟಿದ್ದಿ. ನಾನೂ ಅತ್ತಿದ್ರ ನಿನ್ನ ಹಿಡಿಯೋರು ಯಾರು?" ಸ್ವಲ್ಪ ಹೊತ್ತು ಬಿಟ್ಟು, ನನಗೂ ಹೇಳದ ಒಂದು ವಿಷಯ ಹೇಳಿದರು.

2018ರ ಫೆಬ್ರವರಿ 17. ಪ್ಯೋಂಗ್‌ಚಾಂಗ್‌ನ ಅಂತಿಮ ಸುತ್ತು ನಮ್ಮಲ್ಲಿ ಬೆಳಗಿನ ಆರೂವರೆಗೆ ಶುರು. ಬಲಗಾಲಿನ ಪೆಟ್ಟಿನಿಂದ ಹನ್ಯು ಮೂರು ತಿಂಗಳು ಸ್ಪರ್ಧೆಗೇ ಇಳಿದಿರಲಿಲ್ಲ. ಟೀಚರ್‌ಗೆ ರಾತ್ರಿಯಿಡೀ ಚಿಂತೆ. ಗಂಡ ರಾತ್ರಿ ಶಿಫ್ಟ್ ಮುಗಿಸಿ, ದಾರಿಯಲ್ಲಿ ಒಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಬಂದರು. ಮಗ ಒಳಗೆ ಮಲಗಿದ್ದ. ಇಬ್ಬರೂ ಟೀವಿ ದನಿ ಸಣ್ಣ ಮಾಡಿ, ನೆಲದ ಮೇಲೆ ಒಂದೇ ತಟ್ಟೆ ಇಟ್ಟುಕೊಂಡು ನೋಡಿದರು. ಅಪ್ಪನಿಗೆ ಜಿಗಿತದ ಹೆಸರು ಒಂದೂ ಬರುತ್ತಿರಲಿಲ್ಲ. ಹನ್ಯು ಇಳಿದಾಗ ಹೆಂಡತಿಯ ಮುಖ ನೋಡಿ, ಸರಿಯಾಯ್ತೋ ಇಲ್ಲೋ ಅಂತ ತಿಳಿದುಕೊಳ್ಳುತ್ತಿದ್ದರು. ಗೆದ್ದಾಗ "ನಿನ್ನ ಹುಡುಗ ಪಾಸಾದ ನೋಡು" ಎಂದರಂತೆ. ಅಂದಿನಿಂದ ಪ್ರತಿ ಸ್ಪರ್ಧೆಗೂ ಅವರೇ ಅಲಾರಂ ಇಡುತ್ತಿದ್ದರು.

"ಬೀಜಿಂಗ್ ಒಬ್ಬಾಕೆನೇ ನೋಡಿದೆ," ಎಂದರು.

ಮಗ ಎದ್ದು ಹೋಗಿ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ. ನಾನು ನೀರು ತರುವ ನೆಪದಲ್ಲಿ ಹೊರಗೆ ಬಂದೆ. ಆಗ ವಿವರಣೆ ಕೊಡುವ ಕೆಲಸ ನನ್ನದಾಗಿರಲಿಲ್ಲ. ಯುಜುರುಗೆ ಅತ್ತದ್ದು ಯುಜುರುಗೇ. ಪಕ್ಕದಲ್ಲಿ ಕೂತು ನೋಡುವವರು ಇಲ್ಲ ಅನ್ನೋದು ಅದರ ಜೊತೆಗಿನ ನೋವು. ಎರಡೂ ನಿಜ. ಒಂದನ್ನು ಇನ್ನೊಂದರೊಳಗೆ ತುರುಕಬೇಕಿರಲಿಲ್ಲ.

ಆಮೇಲಿನ ಭೇಟಿಗಳು ಮೂರೇ. ನಿದ್ದೆ ಆರು ಗಂಟೆಗೆ ಬಂತು. ತರಗತಿಯಲ್ಲಿ ಅವರು ತಿರುಗುವ ಕುರ್ಚಿ ತಂದು, ಒಬ್ಬ ಹುಡುಗಿಯ ಎರಡೂ ಕೈಗೆ ನೀರಿನ ಬಾಟಲಿ ಕೊಟ್ಟು ತಿರುಗಿಸಿದರಂತೆ. ಕೈ ಚಾಚಿದಾಗ ನಿಧಾನ, ಎದೆಗೆ ಎಳೆದುಕೊಂಡಾಗ ಜೋರು. ಸ್ಕೇಟರ್‌ಗಳು ಗಾಳಿಯಲ್ಲಿ ಸುತ್ತುವುದು ಹೀಗೇ ಎಂದು ಹೇಳಿಕೊಟ್ಟರು. ಇದು ನನ್ನ ಸಲಹೆ ಅಲ್ಲ, ಅವರದೇ.

2023ರ ನವೆಂಬರ್‌ನಲ್ಲಿ ಒಮ್ಮೆ ತಾವಾಗಿ ಬಂದರು. ಆಗಸ್ಟ್‌ನಲ್ಲಿ ಮದುವೆ ಸುದ್ದಿ ತಿಳಿಸಿದ್ದ ಹನ್ಯು, ಹೊರಗಿನವರ ಕಾಟದಿಂದ ಹೆಂಡತಿಗೆ ನೆಮ್ಮದಿ ಇಲ್ಲವೆಂದು ಬೇರೆಯಾಗಿರುವುದಾಗಿ ಹೇಳಿದ್ದರು. ಟೀಚರ್ ಅಳಲಿಲ್ಲ. "ನಮ್ಮಂಥ ಅಭಿಮಾನಿಗಳದೂ ಅದರಾಗ ಪಾಲು ಇತ್ತೇನ್ರಿ?" ಎಂದು ಕೇಳಿದರು. ನೀವು ಅವರ ಮನೆ ಬಾಗಿಲಿಗೆ ಎಂದಾದರೂ ಇಣುಕಿದ್ದೀರಾ ಎಂದೆ. ಇಲ್ಲ ಎಂದರು. ಐಸ್ ಮೇಲೆ ನಡೆದದ್ದು ನೋಡಲಿಕ್ಕೆ, ಮನೆಯೊಳಗಿನದ್ದು ಅವರಿಗೆ ಸೇರಿದ್ದು ಎಂದು ಅವರೇ ಹೇಳಿ, ಚಹಾ ಕುಡಿದು ಹೋದರು.

ಈಗ ಚಳಿಗಾಲದ ಸ್ಪರ್ಧೆಗಳು ಬಂದರೆ ಅಲಾರಂ ಇಡುವುದು ಮಗ. ಅವನಿಗೆ ಜಪಾನಿನ ಇನ್ನೊಬ್ಬ ಸ್ಕೇಟರ್ ಯುಮಾ ಕಗಿಯಾಮ ಇಷ್ಟ. ಅಮ್ಮ ಮಗ ಅದಕ್ಕೇ ಜಗಳ ಆಡುತ್ತಾರಂತೆ. ಶನಿವಾರ ರಾತ್ರಿಯ ಸ್ಪರ್ಧೆ ಮಾತ್ರ ನೇರ ಪ್ರಸಾರದಲ್ಲಿ, ಶಾಲೆ ಇರುವ ದಿನದ್ದು ಮರುದಿನ ಸಂಜೆ. ಒಗ್ಗರಣಿ ಮಿರ್ಚಿ ತರುವ ಕೆಲಸವೂ ಅವನದೇ.