ನಾವು ಮಲೆನಾಡಿನವರು. ನಮ್ಮ ಸಂಸದರು ಆರೋಗ್ಯ ಸೇವೆ ಬಗ್ಗೆ ಸಂಸತ್ತಿನಲ್ಲಿ ಎಷ್ಟು ಮಾತಾಡಿದ್ದಾರೆ, ಎಲ್ಲಿ ನೋಡೋದು?

ಮಲೆನಾಡಿನವರು ಎಂದಷ್ಟೇ ಹೇಳಿದ್ದೀರಿ. ತೀರ್ಥಹಳ್ಳಿ, ಸಾಗರ, ಸೊರಬ ಆದರೆ ಶಿವಮೊಗ್ಗ ಕ್ಷೇತ್ರ. ಶೃಂಗೇರಿ, ಕೊಪ್ಪ ಆದರೆ ಉಡುಪಿ-ಚಿಕ್ಕಮಗಳೂರು, ಸಂಸದರೇ ಬೇರೆ. ಮೊದಲು ಅದನ್ನು ನೋಡಿಕೊಳ್ಳಿ.

ನಾನು ಹೊಸನಗರದ ಕಡೆಯವನು. ಹೋದ ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೆಲ್ಲ ಇದೇ ಹುಡುಕಾಟದಲ್ಲಿದ್ದೆ. ಸಂಸತ್ತಿನ ಜಾಲತಾಣ sansad.in ನಲ್ಲಿ ಲೋಕಸಭೆಯ ಪ್ರಶ್ನೆಗಳ ವಿಭಾಗಕ್ಕೆ ಹೋಗಿ. ಸದಸ್ಯರ ಹೆಸರು ಹಾಕಿ, ಸಚಿವಾಲಯದ ಜಾಗದಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಆರಿಸಿ. ಪ್ರಶ್ನೆಯೂ ಉತ್ತರವೂ ಪಿಡಿಎಫ್‌ನಲ್ಲಿ ಸಿಗುತ್ತವೆ. ಬರೀ ಸಂಖ್ಯೆ, ಹಾಜರಿ ಸಾಕಾದರೆ ಸಂಸದರ ಕೆಲಸದ ಲೆಕ್ಕ ಇಡುವ ಪಿಆರ್‌ಎಸ್ ಸಂಸ್ಥೆಯ ಪುಟವಿದೆ.

ಆದರೆ ಸಂಖ್ಯೆ ನೋಡಿ ಮೋಸ ಹೋಗಬೇಡಿ. ನಾನೂ ಹೋಗಿದ್ದೆ. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲಿ ಬಾಯಿಮಾತಿನ ಉತ್ತರಕ್ಕೆ ಇಟ್ಟವು) 20, ಚುಕ್ಕೆ ಇಲ್ಲದವು 230. ಯಾರ ಪ್ರಶ್ನೆ ಪಟ್ಟಿಗೆ ಸೇರಬೇಕು ಅನ್ನೋದು ಚೀಟಿ ಎತ್ತಿದ ಹಾಗೆ, ಲಾಟರಿ. ಚುಕ್ಕೆ ಇಲ್ಲದ ಪ್ರಶ್ನೆಗೆ ಉತ್ತರ ಕಾಗದದಲ್ಲೇ ಬರುತ್ತದೆ, ಸಂಸದರು ಎದ್ದು ನಿಲ್ಲಬೇಕಾಗಿಯೇ ಇಲ್ಲ. ಹಾಗಾಗಿ ‘ನೂರು ಪ್ರಶ್ನೆ ಕೇಳಿದರು’ ಅಂದರೆ ನೂರು ಸಲ ಮಾತಾಡಿದರು ಅಂತಲ್ಲ. ಮಂತ್ರಿಗಳಾದವರ ಲೆಕ್ಕದಲ್ಲಂತೂ ಪ್ರಶ್ನೆಗಳೇ ಇರುವುದಿಲ್ಲ, ಅವರು ಉತ್ತರ ಕೊಡುವ ಕಡೆ ಇರುತ್ತಾರೆ. ಊರಿನ ವಿಷಯ ಜಾಸ್ತಿ ಸಿಗುವುದು ಸಂಸದರು ತುರ್ತು ವಿಷಯ ಎತ್ತುವ ಶೂನ್ಯ ವೇಳೆಯಲ್ಲಿ ಮತ್ತು ಬೇರೆ ನಿಯಮದಡಿ ಬಾರದ ವಿಷಯ ಮಂಡಿಸುವ ನಿಯಮ 377ರಲ್ಲಿ. ಅದಕ್ಕೆ ಚರ್ಚೆಗಳ ವಿಭಾಗ ತೆರೆಯಬೇಕು.

ಇನ್ನೊಂದು ವಿಷಯ. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿವೆ. ಊರಿನ ಆಸ್ಪತ್ರೆಗೆ ಡಾಕ್ಟರ್ ಯಾಕಿಲ್ಲ ಎಂದು ಡೆಲ್ಲಿಯಲ್ಲಿ ಕೇಳಿದರೆ ‘ಅದು ರಾಜ್ಯದ ವಿಷಯ’ ಎಂಬ ಸಾಲೇ ಉತ್ತರವಾಗಿ ಬರುವುದು ಮಾಮೂಲು. ಕೇಂದ್ರದ ಕೈಯಲ್ಲಿರುವುದನ್ನು ಕೇಳಿದ್ದಾರಾ ಅಂತ ನೋಡಿ.

ನಾನು ಸಂಸದರನ್ನು ಅಳೆಯುವುದು ಮಂಗನ ಕಾಯಿಲೆಯ ಪ್ರಶ್ನೆಗಳಿಂದ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ರೋಗ, 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಎಷ್ಟು ಜನರನ್ನು ಮಲಗಿಸಿತು ಅಂತ ನಿಮಗೂ ನೆನಪಿರಬಹುದು. ನಮ್ಮಮ್ಮ ಈಗಲೂ ಬೇಸಿಗೆಯಲ್ಲಿ ಕೊಟ್ಟಿಗೆಗೆ ಕಾಡಿನ ದರಗು (ಒಣಗಿದ ಎಲೆ) ತರಲು ಹೊರಡುವ ಮೊದಲು ಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಸವರಿಕೊಳ್ಳುತ್ತಾರೆ. ವಾಪಸ್ ಬಂದಮೇಲೆ ಸೀರೆ ಅಂಚು ಬಿಡಿಸಿ ಉಣುಗು ಹುಡುಕುತ್ತಾರೆ, ರೋಗ ಹರಡುವುದು ಅದರಿಂದಲೇ. ಹಳೇ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದಾರೆ. ಹೊಸ ಲಸಿಕೆಯ ಕೆಲಸ ಐಸಿಎಂಆರ್‌ನದು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಅಂದರೆ ಕೇಂದ್ರದ್ದು. ಇದು ರಾಜ್ಯದ ವಿಷಯ ಅಂತ ಜಾರಿಕೊಳ್ಳುವ ಹಾಗಿಲ್ಲ, ಅಲ್ವಾ?

ಆದ್ದರಿಂದ ಹುಡುಕುವಾಗ ‘Kyasanur’ ಅಂತ ಇಂಗ್ಲಿಷ್‌ನಲ್ಲಿ ಹಾಕಿ (ರೋಗದ ಇಂಗ್ಲಿಷ್ ಹೆಸರು ಆ ಕಾಡಿನದೇ), ಉತ್ತರಗಳನ್ನು ದಿನಾಂಕದ ಪ್ರಕಾರ ಪಕ್ಕಪಕ್ಕ ಇಡಿ. ಮೊದಲ ಉತ್ತರ ಹಾರಿಕೆಯದಾಗಿದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ಎಳೆ ಹಿಡಿದು ಮತ್ತೆ ಕೇಳಿದ್ದಾರಾ? ನನ್ನ ಲೆಕ್ಕದಲ್ಲಿ ಹಾಗೆ ಎರಡನೇ ಸಲ ಕೇಳಿದ ಒಂದು ಪ್ರಶ್ನೆ, ಸುಮ್ನೆ ಕೇಳಿ ಬಿಟ್ಟ ಇಪ್ಪತ್ತಕ್ಕೆ ಸಮ.

ಡಾಕ್ಟರ್, ನರ್ಸ್, 108 ಆಂಬ್ಯುಲೆನ್ಸ್ ವಿಷಯಕ್ಕಾದರೆ ನಿಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಿದ್ದನ್ನು ನೋಡಿ. ಅಲ್ಲಿನ ಪ್ರಶ್ನೋತ್ತರ ಕನ್ನಡದಲ್ಲೇ ಸಿಗುತ್ತದೆ.