ದೀಪಾವಳಿ ಆದ ಮೇಲೆ ಯಾರು ಕಲಿಸ್ತಾರೆ ಅಂತ ಮೊದಲು ಕೇಳಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರು ಬಿಟ್ಟು ಕುಮಟೆಗೆ ವಾಪಸ್ ಬಂದಿದ್ದೀರಿ. ಒಂಬತ್ತು ವರ್ಷದ ಮಗಳಿಗೆ ಯಕ್ಷಗಾನ ಕಲಿಸಬೇಕು. ಹತ್ತಿರದಲ್ಲಿ ಊರವರೇ ಸೇರಿ ನಡೆಸುವ ಎರಡು ತರಗತಿಗಳಿವೆ. ಒಂದರಲ್ಲಿ ಮೇಳದ (ಯಕ್ಷಗಾನ ತಂಡದ) ಹೆಸರಾಂತ ಕಲಾವಿದರು ಗುರುಗಳು. ಇನ್ನೊಂದರಲ್ಲಿ ಕಲಿಸುವವರು ಹೈಸ್ಕೂಲಿನ ಒಬ್ಬರು ಅಕ್ಕೋರು (ಶಿಕ್ಷಕಿ). ಯಾವುದಕ್ಕೆ ಸೇರಿಸಬೇಕು, ಗುರುಗಳನ್ನು ಮತ್ತು ನಡೆಸುವವರನ್ನು ಹೇಗೆ ಅಳೆಯಬೇಕು?

ನಾನು ಹೊನ್ನಾವರದ ಕಡೆಯವನು. ಊರಿನ ಇಂಥದೇ ಒಂದು ಸಣ್ಣ ತರಗತಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕುಣಿಯಲು ಬರುವುದಿಲ್ಲ. ತಾಳ ಹಾಕುವವರು ಬರದ ದಿನ ಜಾಗಟೆ ನನ್ನ ಕೈಗೆ ಬರುತ್ತದೆ, ಅಷ್ಟೇ. ಹಾಗಾಗಿ ಇದನ್ನು ಕಲಾವಿದನ ಮಾತು ಅಂತ ಓದಬೇಡಿ, ಬಾಗಿಲ ಹತ್ತಿರ ಕುಳಿತು ನೋಡಿದವನ ಮಾತು ಅಂತ ಓದಿ.

ಎರಡೂ ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿ. ದೀಪಾವಳಿ ಆದ ಮೇಲೆ ಯಾರು ಕಲಿಸ್ತಾರೆ?

ಬೆಂಗಳೂರಲ್ಲಿ ಇದ್ದು ಬಂದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮ ಕರಾವಳಿಯ ಲೆಕ್ಕವೇ ಹಾಗಿದೆ. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟರೆ ಮಳೆ ಹಿಡಿಯುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ನವೆಂಬರಿನಿಂದ ಮೇ ತನಕ ಮೇಳದ ಕಲಾವಿದರು ರಾತ್ರಿ ಆಟ (ಪ್ರದರ್ಶನ), ಹಗಲು ನಿದ್ದೆ, ಮತ್ತೆ ಮುಂದಿನ ಊರು. ಅವರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಅದಕ್ಕೇ ಜೂನ್ ಬಂತು ಅಂದರೆ ಊರೂರಲ್ಲಿ ತರಗತಿ ಶುರು. ಜೋರು ಮಳೆ ಅಂತ ಡಿಸಿ ಶಾಲೆಗೆ ರಜೆ ಕೊಟ್ಟ ದಿನವೂ ಸಂಜೆ ದೇವಸ್ಥಾನದ ಸಭಾಭವನದಲ್ಲಿ ಮಕ್ಕಳು ಕುಣಿಯುತ್ತಿರುತ್ತವೆ. (ಅದು ಸರಿಯೋ ತಪ್ಪೋ ಬೇರೆ ಮಾತು. ನಮ್ಮಲ್ಲಿ ಬೇಡ ಅಂದರೂ ಕೊಡೆ ಹಿಡಿದು ಬಂದುಬಿಡುತ್ತವೆ.)

ಮಳೆ ನಿಂತ ಮೇಲೆ ಗೊತ್ತಾಗುತ್ತದೆ ಅಸಲಿ ಸಂಗತಿ. ದೊಡ್ಡ ಹೆಸರಿನ ಗುರುಗಳು ತಿರುಗಾಟಕ್ಕೆ ಹೋದರು. ಅವರ ಜಾಗದಲ್ಲಿ ನಿಲ್ಲುವವರು ಇದ್ದಾರಾ? ಇಲ್ಲದಿದ್ದರೆ ಅದು ಮಳೆಗಾಲದ ಶಿಬಿರ, ಶಾಲೆ ಅಲ್ಲ. ಶಿಬಿರವೂ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಏಳು ತಿಂಗಳು ಕಾಲು ಸುಮ್ನೆ ಕೂತರೆ ಒಂಬತ್ತು ವರ್ಷದ ಮಗು ಮುಂದಿನ ಜೂನಿಗೆ ಮತ್ತೆ ಅದೇ ಮೊದಲ ಹೆಜ್ಜೆಯಿಂದ ಶುರು ಮಾಡುತ್ತದೆ. ಎರಡು ಸಲ ಹೀಗಾದರೆ ಮಗುವಿಗೇ ಬೇಜಾರು ಬಂದು ಬಿಟ್ಟುಬಿಡುತ್ತದೆ. ಆಮೇಲೆ ಮನೆಯವರು 'ನಮ್ಮ ಹುಡುಗಿಗೆ ಆಸಕ್ತಿ ಇಲ್ಲ' ಅಂತಾರೆ.

ಹಾಗಾಗಿ ನಿಮ್ಮ ಆ ಹೈಸ್ಕೂಲ್ ಅಕ್ಕೋರನ್ನು ಹಗುರ ಮಾಡಿ ನೋಡಬೇಡಿ. ವರ್ಷಪೂರ್ತಿ ಊರಲ್ಲೇ ಇರುವವರು ಅವರು. ನಮ್ಮ ತರಗತಿಯಲ್ಲೂ ಹೀಗೇ ಇದೆ. ಮಳೆಗಾಲದಲ್ಲಿ ಮೇಳದವರು ಬಂದು ಹೊಸದನ್ನು ಹಾಕಿಕೊಡುತ್ತಾರೆ. ಉಳಿದ ಕಾಲದಲ್ಲಿ ಅದನ್ನು ಮಕ್ಕಳ ಕಾಲಲ್ಲಿ ಉಳಿಸುವವರು ಹಗಲು ಬೇರೆ ಕೆಲಸ ಮಾಡುವ ಒಬ್ಬರು ಮಾಸ್ತರು. ಕರಪತ್ರದಲ್ಲಿ ಮೇಳದವರ ಹೆಸರು ದೊಡ್ಡದಾಗಿ ಬರುತ್ತದೆ, ಮಾಸ್ತರರ ಹೆಸರು ಕೊನೆಯ ಸಾಲಲ್ಲಿ 'ಸಹಕಾರ' ಅಂತ. ಇದನ್ನು ಬದಲಾಯಿಸಿ ಅಂತ ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಇನ್ನೂ ಬದಲಾಗಿಲ್ಲ.

ಇನ್ನು ಕಲಿಸುವ ರೀತಿ. ಒಂದು ಸಂಜೆ ಹೇಳದೆ ಹೋಗಿ ಕುಳಿತುಕೊಳ್ಳಿ. ಹೊಸ ಮಕ್ಕಳಿಗೆ ಮೊದಲೇ ಕುಣಿತ ಹಾಕಿಸುತ್ತಿದ್ದಾರಾ, ಇಲ್ಲ ಬಾಯಿತಾಳ (ತಾಳದ ಅಕ್ಷರಗಳನ್ನು ಬಾಯಲ್ಲಿ ಹೇಳುವುದು) ಹೇಳಿಸಿ ಕೈಯಲ್ಲಿ ತಾಳ ಹಾಕಿಸುತ್ತಿದ್ದಾರಾ ನೋಡಿ. ಏಕತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ಝಂಪೆಗೆ 10. ಇದು ಬೆರಳಿಗೆ ಬಾರದೆ ಕಾಲಿಗೆ ಬರುವುದಿಲ್ಲ. ಅಪ್ಪ ಅಮ್ಮಂದಿರಿಗೆ ಈ ಹಂತ ಬಹಳ ಬೇಸರ. ಫೋಟೋ ತೆಗೆಯಲು ಏನೂ ಇರುವುದಿಲ್ಲ ನೋಡಿ. 'ಯಾವಾಗ ಕುಣಿಸ್ತೀರಿ' ಅಂತ ಕೇಳುತ್ತಲೇ ಇರುತ್ತಾರೆ. ಆ ಒತ್ತಡಕ್ಕೆ ಬಗ್ಗದ ಗುರು ಸಿಕ್ಕರೆ ಬಿಡಬೇಡಿ.

ನಮ್ಮ ಮಾಸ್ತರರದ್ದು ಒಂದು ಉಪಾಯ ಇದೆ. ಮಕ್ಕಳು ಸಾಲಾಗಿ ನಿಂತು ಹೆಜ್ಜೆ ಹಾಕುತ್ತಿರುವಾಗ ಮದ್ದಳೆಯವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ಮದ್ದಳೆ ತಟ್ಟನೆ ನಿಲ್ಲುತ್ತದೆ. ಜಾಗಟೆಯೂ ಇಲ್ಲ. ಆಗ ಸಾಲು ಹೇಗೆ ಒಡೆಯುತ್ತದೆ ಅಂತ ನೋಡಬೇಕು! ಮುಂದೆ ನಿಂತು ಚೆಂದ ಕುಣಿಯುತ್ತಿದ್ದ ಮಾಣಿ ತಾಳ ಬಿಟ್ಟು ಓಡಲು ಶುರು ಮಾಡುತ್ತಾನೆ. ಹಿಂದಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಹುಡುಗಿಯ ಕಾಲು ಮಾತ್ರ ಇದ್ದ ಕಾಲದಲ್ಲೇ ಇರುತ್ತದೆ. ಮದ್ದಳೆ ಮತ್ತೆ ಬಂದು ಅವಳ ಹೆಜ್ಜೆಗೆ ಸರಿಯಾಗಿ ಕೂಡುತ್ತದೆ. ಮಾಸ್ತರು ಏನೂ ಹೇಳುವುದಿಲ್ಲ. ಮುಂದಿನ ಸಲ ಅವಳನ್ನು ಮುಂದಿನ ಸಾಲಿಗೆ ಕರೆಯುತ್ತಾರೆ.

ಇಲ್ಲೇ ಇನ್ನೊಂದು ಮಾತು ಬಂತು. ಈ ಪರೀಕ್ಷೆ ನಡೆಯಬೇಕು ಅಂದರೆ ಮದ್ದಳೆ ಬಾರಿಸುವವರು ಎದುರಿಗೆ ಕೂತಿರಬೇಕು. ಈಗ ಎಷ್ಟೋ ಕಡೆ ಫೋನಿಗೆ ಸ್ಪೀಕರ್ ಹಚ್ಚಿ ರೆಕಾರ್ಡಿಂಗ್ ಹಾಕಿ ಕುಣಿಸುತ್ತಾರೆ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ರೆಕಾರ್ಡಿಂಗ್ ಯಾರನ್ನೂ ಕಾಯುವುದಿಲ್ಲ. ಯಕ್ಷಗಾನದಲ್ಲಿ ಹಾಡುವ ಭಾಗವತರು ವೇಷಧಾರಿಯನ್ನು ನೋಡಿ ಪದ ಎತ್ತುತ್ತಾರೆ, ವೇಷಧಾರಿ ಭಾಗವತರನ್ನು ಕೇಳಿ ಕುಣಿತ ಮುಗಿಸುತ್ತಾನೆ. ಆ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಅದು ಸ್ಕೂಲ್ ಡೇ ಡಾನ್ಸ್. ವಾರಕ್ಕೆ ಒಂದು ದಿನವಾದರೂ ಜೀವಂತ ಹಿಮ್ಮೇಳ (ಹಾಡುವವರು, ಬಾರಿಸುವವರು) ಇದೆಯಾ ಅಂತ ಕೇಳಿ. ಇಲ್ಲ ಅಂದರೆ ನಾನಾದರೂ ಮಗುವನ್ನು ಅಲ್ಲಿಗೆ ಹಾಕುವುದಿಲ್ಲ.

ಹೆಸರಾಂತ ಕಲಾವಿದರು ಒಳ್ಳೆ ಗುರುಗಳಾಗುವುದಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ನಮ್ಮ ತಾಲೂಕಿನಲ್ಲೇ ಉದಾಹರಣೆ ಇದೆ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಮಗ ಶಂಭು ಹೆಗಡೆ ಅದೇ ಮೇಳದಲ್ಲಿ ಬೆಳೆದವರು. ಮನೆಯಲ್ಲೇ ಅಷ್ಟು ವಿದ್ಯೆ ಇದ್ದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತು ಬಂದರು. ಆಮೇಲೆ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಶುರು ಮಾಡಿದರು. ನನಗೆ ಇದರಲ್ಲಿ ಮುಖ್ಯ ಅನಿಸುವುದು ದೆಹಲಿಯ ಭಾಗ. ಇನ್ನೊಬ್ಬರ ಮುಂದೆ ವಿದ್ಯಾರ್ಥಿಯಾಗಿ ಕೂತು ಬಂದವರಿಗೆ, ತಮಗೆ ಸಲೀಸಾಗಿ ಬರುವುದು ಎದುರಿನ ಮಗುವಿಗೆ ಯಾಕೆ ಬರುತ್ತಿಲ್ಲ ಅಂತ ಬೇಗ ತಿಳಿಯುತ್ತದೆ. 2009ರಲ್ಲಿ ಅವರು ತೀರಿಕೊಂಡ ಮೇಲೂ ಕೇಂದ್ರ ನಿಲ್ಲಲಿಲ್ಲ, ಮಗ ಶಿವಾನಂದ ಹೆಗಡೆ ನಡೆಸಿಕೊಂಡು ಬಂದರು. ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವಕ್ಕೆ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ. ಬೇರೆ ರಾಜ್ಯದ ಕಲೆಗಳನ್ನೂ ನಮ್ಮೂರ ಮಣ್ಣಲ್ಲೇ ನೋಡಬಹುದು.

ಶಿರಸಿ ಕಡೆಯ ಹೊಸ್ತೋಟ ಮಂಜುನಾಥ ಭಾಗವತರದ್ದು ಇನ್ನೊಂದೇ ರೀತಿ. ಕಟ್ಟಡ, ಬೋರ್ಡು ಇಲ್ಲ. ಕರೆದ ಊರಿಗೆ ಹೋಗಿ ಉಳಿದು ಕಲಿಸುವುದು, ಮುಂದಿನ ಊರಿಗೆ ಹೊರಡುವುದು. ಕಣ್ಣು ಕಾಣದವರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದವರು ಅವರು. ಯೋಚನೆ ಮಾಡಿ, 'ನನ್ನನ್ನು ನೋಡಿ ಮಾಡು' ಅಂತ ಹೇಳುವ ಹಾಗೇ ಇಲ್ಲ. ಕೈ ಹಿಡಿದು, ಮಾತಲ್ಲಿ ಹೇಳಿ, ರಂಗದ ಅಳತೆಯನ್ನು ಹೆಜ್ಜೆಯಲ್ಲೇ ಎಣಿಸಿ ಕಲಿಸಬೇಕು. 2020ರಲ್ಲಿ ಅವರು ತೀರಿಕೊಂಡರು. ಈ ಜಿಲ್ಲೆಯಲ್ಲಿ ಇವತ್ತು ಮಕ್ಕಳಿಗೆ ಕಲಿಸುತ್ತಿರುವ ಎಷ್ಟೋ ಜನ ಒಂದಲ್ಲ ಒಂದು ದಾರಿಯಲ್ಲಿ ಅವರ ಶಿಷ್ಯರೇ.

'ನನ್ನನ್ನು ನೋಡಿ ಮಾಡು' ಅನ್ನುವ ಗುರುಗಳ ಬಗ್ಗೆ ಸ್ವಲ್ಪ ಹುಷಾರಾಗಿರಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ನೋಡಿ ಹುಚ್ಚಾಗದವರು ನಮ್ಮಲ್ಲಿ ಯಾರಿದ್ದಾರೆ? 2012ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಖುಷಿಪಟ್ಟಿತ್ತು. ಈಗ ಯೂಟ್ಯೂಬ್ ನೋಡಿ ಅವರ ಹಾಗೇ ಕಣ್ಣು ಹುಬ್ಬು ಆಡಿಸುವ ಹುಡುಗರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ನೋಡಲು ಮಜವಾಗಿರುತ್ತದೆ. ಆದರೆ ಒಂಬತ್ತು ವರ್ಷಕ್ಕೆ ಅವರ ಭಸ್ಮಾಸುರನ ವೇಷದ ಠೀವಿ ಬಂದು ತ್ರಿವುಡೆ ತಾಳ ಬಾರದಿದ್ದರೆ ಮುಂದೆ ಕಷ್ಟ. ಚಪ್ಪಾಳೆ ಸಿಕ್ಕಿಬಿಟ್ಟಿರುತ್ತದಲ್ಲ, ಆಮೇಲೆ ತಿದ್ದಿದರೆ ಒಪ್ಪುವುದಿಲ್ಲ.

ಈಗ ನಡೆಸುವವರ ಕಡೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನನ್ನ ಕೆಲಸವೇ ಇದು ನೋಡಿ.

ಸಮಿತಿಯ ಅಧ್ಯಕ್ಷರ ಪರೀಕ್ಷೆ ವಾರ್ಷಿಕೋತ್ಸವದ ಪಾತ್ರ ಹಂಚುವಾಗ ಆಗುತ್ತದೆ. ಅಭಿಮನ್ಯು ಯಾರಿಗೆ ಅಂತ ಗುರುಗಳು ತೀರ್ಮಾನ ಮಾಡುತ್ತಾರಾ, ಸಮಿತಿ ಮಾಡುತ್ತದಾ? ನನಗೆ ಗೊತ್ತಿರುವ ಒಂದು ತರಗತಿಯಲ್ಲಿ ಪ್ರಸಂಗದ ಖರ್ಚು ವಹಿಸಿಕೊಂಡವರ ಮನೆ ಹುಡುಗನಿಗೆ ಮುಖ್ಯ ವೇಷ ಕೊಡಿಸಿದರು. ಗುರುಗಳು ಎದುರು ಮಾತಾಡಲಿಲ್ಲ. ಮರುವರ್ಷ ಬರಲೂ ಇಲ್ಲ. ಮಕ್ಕಳ ಸಂಖ್ಯೆ ಕರಗಿತು. ಈಗ ಆ ಸಭಾಭವನದಲ್ಲಿ ಮದುವೆ ಮಾತ್ರ ನಡೆಯುತ್ತದೆ. ದುಡ್ಡು ಕೊಟ್ಟವರಿಗೆ ಶಾಲು ಹೊದೆಸಿ, ಹಣ್ಣುಕಾಯಿ ಕೊಡಿ, ಮೈಕಲ್ಲಿ ಹತ್ತು ಸಲ ಹೆಸರು ಹೇಳಿ. ವೇಷ ಕೊಡಬೇಡಿ. ಇದನ್ನು ದಾನಿಗಳ ಮುಖ ನೋಡಿ ಹೇಳುವ ಧೈರ್ಯ ಇರುವವರೇ ಅಧ್ಯಕ್ಷರಾಗಬೇಕು.

ಎರಡನೆಯದು ಸಂಬಳ. 'ಕಲಾಸೇವೆ' ಅನ್ನುವ ಮಾತು ಸಮಿತಿಯ ಬಾಯಲ್ಲಿ ಜಾಸ್ತಿ ಕೇಳಿಬಂದರೆ ಗುರುಗಳಿಗೆ ಸರಿಯಾಗಿ ಸಂಭಾವನೆ ಹೋಗುತ್ತಿಲ್ಲ ಅಂತ ನನ್ನ ಅನುಮಾನ. ಮದ್ದಳೆಯವರಿಗೆ ಬಸ್ಸಿನ ದುಡ್ಡೂ ಕೊಡದೆ ವರ್ಷ ಕಳೆದವರಿದ್ದಾರೆ. ಆಮೇಲೆ ಅವರು ಯಾಕೆ ಬರುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಶುಲ್ಕ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಅದು ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಬಾರದು.

ಸಂಸ್ಥೆ ನೋಂದಣಿ ಆಗಿದೆಯಾ ಅಂತಲೂ ವಿಚಾರಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ಪ್ರತಿ ವರ್ಷ ಸಭೆ ನಡೆಸಿ, ಲೆಕ್ಕ ಆಡಿಟ್ ಮಾಡಿಸಿ, ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವಾಗ ಈ ಕಾಗದಗಳೇ ಬೇಕಾಗುವುದು. ನೋಂದಣಿ ಇಲ್ಲದ ಒಳ್ಳೆ ತರಗತಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಅಲ್ಲಿ ಎಲ್ಲ ಒಬ್ಬರ ಹೆಗಲ ಮೇಲೆ ನಿಂತಿರುತ್ತದೆ. ಅವರಿಗೆ ವಯಸ್ಸಾದರೆ, ಇಲ್ಲ ಮಗನ ಮನೆಗೆ ಅಂತ ಬೆಂಗಳೂರಿಗೆ ಹೋದರೆ, ಮುಗಿಯಿತು.

ಹೆಣ್ಣುಮಗು ಅಂದಿರಿ. ಹಿಂದೆ ಹೆಣ್ಣು ವೇಷವನ್ನೂ ಗಂಡಸರೇ ಮಾಡುತ್ತಿದ್ದ ಕಲೆ ಇದು. ಈಗ ಕೆಲವು ತರಗತಿಗಳಲ್ಲಿ ಹುಡುಗಿಯರೇ ಜಾಸ್ತಿ. ಆದರೆ ಚೌಕಿಯ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ) ರೂಢಿ ಇನ್ನೂ ಹಳೆಯದೇ. ವೇಷ ಕಟ್ಟುವುದು ಸಣ್ಣ ಕೆಲಸ ಅಲ್ಲ. ಸೊಂಟಕ್ಕೆ ಬಿಗಿಯಬೇಕು, ಎದೆಕಟ್ಟು, ಭುಜಕೀರ್ತಿ ಕಟ್ಟಬೇಕು, ತಲೆಗೆ ಕೇದಗೆ ಮುಂದಲೆ ಅಲುಗದ ಹಾಗೆ ಬಿಗಿಯಬೇಕು. ಸಣ್ಣ ಮಕ್ಕಳು ತಲೆನೋವು ಅಂತ ಅಳುವುದುಂಟು. ವೇಷಭೂಷಣ ಬಾಡಿಗೆಗೆ ತಂದು ಕಟ್ಟುವವರು ಹೆಚ್ಚಾಗಿ ಗಂಡಸರು. ಹಾಗಾಗಿ ಹುಡುಗಿಯರಿಗೆ ಬೇರೆ ಕೋಣೆ ಇದೆಯಾ, ಜೊತೆಗೆ ಹೆಂಗಸರು ಯಾರಿರುತ್ತಾರೆ, ಆಟ ಮುಗಿದು ರಾತ್ರಿ ಮನೆಗೆ ಯಾರು ಬಿಡುತ್ತಾರೆ, ಇದನ್ನೆಲ್ಲ ಬಾಯಿಬಿಟ್ಟು ಕೇಳಿ. 'ನಮ್ಮೂರಲ್ಲಿ ಹಾಗೆಲ್ಲ ಆಗಲ್ಲ' ಅನ್ನುವ ಉತ್ತರ ಸಾಲದು. ಮಕ್ಕಳ ರಕ್ಷಣೆಗೆ ಇರುವ 2012ರ ಪೋಕ್ಸೋ ಕಾಯ್ದೆಯಲ್ಲಿ ದೌರ್ಜನ್ಯ ಗೊತ್ತಿದ್ದೂ ಮುಚ್ಚಿಟ್ಟರೆ ಅದೂ ಅಪರಾಧ. ಸಮಿತಿಯಲ್ಲಿ ಇರುವವರಿಗೆ ಇದು ಗೊತ್ತಿರಬೇಕು. ಈ ವಿಷಯದಲ್ಲಿ ಅಕ್ಕೋರು ಇರುವ ತರಗತಿಗೆ ನನ್ನ ಕಡೆಯಿಂದ ಒಂದು ಅಂಕ ಹೆಚ್ಚು.

ಅರ್ಥಗಾರಿಕೆ (ವೇಷಧಾರಿ ಆಡುವ ಮಾತು) ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಬರೆದುಕೊಟ್ಟ ಮಾತು ಬಾಯಿಪಾಠ ಮಾಡಿ ಒಪ್ಪಿಸಿದರೆ ಸದ್ಯಕ್ಕೆ ಸಾಕು. ನಾಲ್ಕೈದು ವರ್ಷ ಆದ ಮೇಲೆ, ಊರಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಇದ್ದಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಂದೆ ಪೂರ್ತಿ ಇದರಲ್ಲೇ ಇರುತ್ತೇನೆ ಅಂದರೆ ಗುಣವಂತೆ ಇದೆ, 1971ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕೇಂದ್ರ ಇದೆ. ಅದು ಆಗಿನ ಮಾತು.

ಹಾಗಾದರೆ ಯಾವುದಕ್ಕೆ ಹಾಕಲಿ ಅಂತೀರಾ? ನೀವು ಬರೆದಷ್ಟರಲ್ಲಿ ಹೇಳುವುದಾದರೆ ನಾನು ಅಕ್ಕೋರ ತರಗತಿಗೆ ಹಾಕುತ್ತಿದ್ದೆ, ಅಲ್ಲಿ ಮದ್ದಳೆ ಇದ್ದರೆ. ಮಳೆಗಾಲದಲ್ಲಿ ಆ ಕಲಾವಿದರ ಶಿಬಿರಕ್ಕೂ ಕಳಿಸಬಹುದು, ಆದರೆ ಅಕ್ಕೋರನ್ನು ಕೇಳಿಯೇ ಕಳಿಸಿ. ಹೇಳದೆ ಕಳಿಸಿದರೆ ಮಗುವಿಗೇ ಕಷ್ಟ. ಒಬ್ಬರು ಒಂದು ರೀತಿ ಹೆಜ್ಜೆ ಹೇಳಿಕೊಟ್ಟರೆ ಇನ್ನೊಬ್ಬರು ಬೇರೆ ಅಂತಾರೆ. ನಮ್ಮ ಉತ್ತರ ಕನ್ನಡದ ಶೈಲಿಗೂ ಉಡುಪಿ ಕಡೆಯ ಶೈಲಿಗೂ ವ್ಯತ್ಯಾಸ ಇದೆ.

ಮತ್ತೆ ಗೆಜ್ಜೆ ಈಗಲೇ ಕೊಳ್ಳಬೇಡಿ. ಅಂಗಡಿಯವರು ದೊಡ್ಡದನ್ನೇ ದಾಟಿಸುತ್ತಾರೆ, ಒಂಬತ್ತು ವರ್ಷದ ಕಾಲಿಗೆ ಅದು ಭಾರ. ಯಾವಾಗ, ಎಷ್ಟು ಸಾಲಿನದು ಅಂತ ಅಕ್ಕೋರೇ ಹೇಳುತ್ತಾರೆ.